ಒಂದರ ಹಿಂದೊಂದು ಟರ್ಬೋ: ಕೂಡುವ ಲೆಕ್ಕವಲ್ಲ, ಗುಣಿಸುವ ಲೆಕ್ಕ



ಈ ಹೊತ್ತು ನಾನು ಮಾತನಾಡಬೇಕಾಗಿರುವುದು ಡೀಸೆಲ್ ಟ್ರಕ್ಕಿನ ಎಂಜಿನ್ ಬಗ್ಗೆ. ಆದರೆ ಅದಕ್ಕೂ ಮೊದಲು ಒಂದು ಹಾಡಿನ ವಿಷಯ ಹೇಳಿಬಿಡುತ್ತೇನೆ. ನಾನು ಟೆಲಿವಿಷನ್ ಕೆಲಸಕ್ಕೆ ಸೇರಿದ ಹೊಸತು. ವಿಜ್ಞಾನದ ಪದವಿ ಪಡೆದು ಬಂದವನೆಂಬ ಹೆಮ್ಮೆ ಬೇರೆ. ಒಂದು ಹಳ್ಳಿಯಲ್ಲಿ ಎಂಬತ್ತು ದಾಟಿದ ಅಜ್ಜಿಯೊಬ್ಬರ ಸೋಬಾನೆ ಪದಗಳನ್ನು ಧ್ವನಿಮುದ್ರಿಸಬೇಕಿತ್ತು. ಅಜ್ಜಿಯ ಮಾತು ಬಹಳ ಮೆಲ್ಲಗೆ. ಹಾಗಾಗಿ ನಾನು ಒಂದು ಆಂಪ್ಲಿಫೈಯರಿನ ಹಿಂದೆ ಇನ್ನೊಂದು ಆಂಪ್ಲಿಫೈಯರನ್ನು ಜೋಡಿಸಿದೆ. ಒಂದೊಂದೂ ಧ್ವನಿಯ ಸಂಕೇತವನ್ನು 10 ಪಟ್ಟು ಹೆಚ್ಚಿಸುವಂಥದು. ಎರಡೂ ಸೇರಿದರೆ 20 ಪಟ್ಟು ಎಂದು ಅವಸರದಲ್ಲಿ ಲೆಕ್ಕ ಹಾಕಿದೆ. ನಿಜವಾದ ಲೆಕ್ಕ 100 ಪಟ್ಟು. ಮಾತನಾಡುವಾಗ ಎಲ್ಲ ಸರಿಯಾಗಿಯೇ ಕೇಳಿಸಿತು. ಅಜ್ಜಿ ಹಾಡಲು ತೊಡಗಿದಾಗ ದನಿ ಏರಿತು. ನಾನು ಆಗ ಕ್ಯಾಮೆರಾದ ಬಳಿ ಇದ್ದೆ. ಊರಿಗೆ ಮರಳಿ ಕೇಳಿದರೆ ಟೇಪಿನ ತುಂಬ ಬರೀ ಕರಕರ ಶಬ್ದ. ಮತ್ತೊಮ್ಮೆ ಹೋಗುವಷ್ಟರಲ್ಲಿ ಅಜ್ಜಿ ತೀರಿಕೊಂಡಿದ್ದರು.

ಒಂದರ ಹಿಂದೊಂದು ಜೋಡಿಸಿದ ಹಂತಗಳ ಪರಿಣಾಮ ಕೂಡುವುದಿಲ್ಲ, ಗುಣಿಸುತ್ತದೆ. ನಾನು ತಡವಾಗಿ ಕಲಿತ ಈ ಪಾಠ ಡೀಸೆಲ್ ಎಂಜಿನ್‌ನಲ್ಲಿ ಹೇಗೆ ಕೆಲಸ ಮಾಡುತ್ತದೆ ಎಂಬುದನ್ನು ಇಂದು ನೋಡೋಣ.

ಅಮೆರಿಕದಲ್ಲಿ ಪಿಕಪ್ ಟ್ರಕ್ ಎಂಬ ವಾಹನ ಬಹಳ ಬಳಕೆಯಲ್ಲಿದೆ. ಮುಂದೆ ಕೂರುವ ಕೋಣೆ, ಹಿಂದೆ ತೆರೆದ ತೊಟ್ಟಿ. ಕುದುರೆಗಳನ್ನು, ದೋಣಿಗಳನ್ನು, ಹುಲ್ಲಿನ ಹೊರೆಯನ್ನು ಟ್ರೈಲರಿನಲ್ಲಿ ಎಳೆಯಲು ಇದನ್ನು ಬಳಸುತ್ತಾರೆ. 1989ರಲ್ಲಿ ಡಾಡ್ಜ್ ರಾಮ್ ಎಂಬ ಪಿಕಪ್ಪಿಗೆ ಕಮಿನ್ಸ್ ಕಂಪನಿಯ 5.9 ಲೀಟರಿನ ಆರು ಸಿಲಿಂಡರ್ ಡೀಸೆಲ್ ಎಂಜಿನ್ ಬಂತು. ಅದರಲ್ಲಿ ಹೋಲ್ಸೆಟ್ ಕಂಪನಿಯ ಒಂದು ಟರ್ಬೋ ಇತ್ತು. ಶಕ್ತಿ 160 ಅಶ್ವಶಕ್ತಿ. ಎಂಜಿನ್ನಿನ ಎರಕ ಎಷ್ಟು ಗಟ್ಟಿಯಾಗಿತ್ತೆಂದರೆ, ಮನೆಯ ಗ್ಯಾರೇಜಿನಲ್ಲಿ ಸ್ಪ್ಯಾನರ್ ಹಿಡಿಯುವ ಹವ್ಯಾಸವುಳ್ಳವರು ಇದರಿಂದ ಇನ್ನೂ ಹೆಚ್ಚು ಶಕ್ತಿ ತೆಗೆಯಬಹುದೆಂದು ಕಂಡುಕೊಂಡರು. ಅವರು ಹಿಡಿದ ದಾರಿಗಳಲ್ಲಿ ಒಂದು, ಒಂದು ಟರ್ಬೋಗೆ ಇನ್ನೊಂದನ್ನು ಸರಣಿಯಾಗಿ ಜೋಡಿಸುವುದು. ಇದನ್ನು ಕಾಂಪೌಂಡ್ ಟರ್ಬೋ ಎನ್ನುತ್ತಾರೆ.

ಟರ್ಬೋ ಎಂದರೇನು? ಎಂಜಿನ್ನಿನಿಂದ ಹೊರಬರುವ ಹೊಗೆಯಲ್ಲಿ ಶಾಖವೂ ಒತ್ತಡವೂ ಇನ್ನೂ ಉಳಿದಿರುತ್ತವೆ. ಆ ಹೊಗೆ ಒಂದು ಪುಟ್ಟ ಚಕ್ರವನ್ನು ತಿರುಗಿಸುತ್ತದೆ, ಇದು ಟರ್ಬೈನ್. ಅದೇ ಅಚ್ಚಿನ ಇನ್ನೊಂದು ತುದಿಯಲ್ಲಿರುವ ಚಕ್ರ ಹೊರಗಿನ ಗಾಳಿಯನ್ನು ಅದುಮಿ ಎಂಜಿನ್ನಿಗೆ ತುಂಬುತ್ತದೆ, ಇದು ಕಂಪ್ರೆಸರ್. ಗಾಳಿ ಹೆಚ್ಚು ಬಂದರೆ ಹೆಚ್ಚು ಡೀಸೆಲನ್ನು ಸುಡಬಹುದು, ಹೆಚ್ಚು ಶಕ್ತಿ ಪಡೆಯಬಹುದು. ಗಾಳಿ ಸಾಲದೆ ಡೀಸೆಲ್ ಮಾತ್ರ ಹೆಚ್ಚಿಸಿದರೆ ಬರುವುದು ಕಪ್ಪು ಹೊಗೆ. ಸ್ವಿಟ್ಜರ್ಲೆಂಡಿನ ಎಂಜಿನಿಯರ್ ಆಲ್ಫ್ರೆಡ್ ಬ್ಯೂಕಿ ಈ ಯೋಜನೆಗೆ 1905ರಲ್ಲಿ ಪೇಟೆಂಟ್ ಪಡೆದರು.

ಟರ್ಬೋದ ಬೆಲೆ ಚೆನ್ನಾಗಿ ತಿಳಿಯುವುದು ಎತ್ತರದ ಜಾಗದಲ್ಲಿ. 1918ರಲ್ಲಿ ಸ್ಯಾನ್‌ಫೋರ್ಡ್ ಮಾಸ್ ಎಂಬ ಅಮೆರಿಕನ್ ಎಂಜಿನಿಯರ್ ಲಿಬರ್ಟಿ ಎಂಬ ವಿಮಾನದ ಎಂಜಿನನ್ನು ಒಂದು ಟ್ರಕ್ಕಿನ ಮೇಲೇರಿಸಿಕೊಂಡು ಕೊಲರಾಡೋ ರಾಜ್ಯದ ಪೈಕ್ಸ್ ಪೀಕ್ ಶಿಖರಕ್ಕೆ ಹೋದರು. ಎತ್ತರ ಸುಮಾರು 4,300 ಮೀಟರ್. ಕೆಳಗೆ 350 ಅಶ್ವಶಕ್ತಿ ಕೊಡುತ್ತಿದ್ದ ಎಂಜಿನ್ ಅಲ್ಲಿ 230ಕ್ಕೆ ಇಳಿಯಿತು. ಟರ್ಬೋ ಜೋಡಿಸಿದಾಗ 356ಕ್ಕೆ ಏರಿತು. ತೆಳುವಾದ ಗಾಳಿಯಿಂದ ಹೋದ ಶಕ್ತಿಯೆಲ್ಲ ವಾಪಸು ಬಂದಿತ್ತು.

ಇನ್ನು ಎರಡು ಟರ್ಬೋಗಳ ವಿಷಯಕ್ಕೆ ಬರೋಣ. ಸಮುದ್ರಮಟ್ಟದಲ್ಲಿ ನಮ್ಮ ಸುತ್ತಲಿನ ಗಾಳಿಯ ಒತ್ತಡ 1 ಅಟ್ಮಾಸ್ಫಿಯರ್. ಅದನ್ನು ಇಮ್ಮಡಿ ಮಾಡುವ ಒಂದು ಟರ್ಬೋ ಇದೆ ಎಂದಿಟ್ಟುಕೊಳ್ಳಿ. ಒಳಗಿನ ಒತ್ತಡ 2. ಮಾಪಕ ತೋರಿಸುವುದು ಹೊರಗಿನದಕ್ಕಿಂತ ಎಷ್ಟು ಹೆಚ್ಚು ಎಂಬುದನ್ನು. ಆದ್ದರಿಂದ ಮುಳ್ಳು 1ರಲ್ಲಿ ನಿಲ್ಲುತ್ತದೆ. ಇಂಥದೇ ಎರಡನ್ನು ಸರಣಿಯಾಗಿ ಇಟ್ಟರೆ ಮುಳ್ಳು ಎಲ್ಲಿ ನಿಲ್ಲಬೇಕು? 2ರಲ್ಲಿ ಎಂದು ತೋರುತ್ತದೆ. ಆದರೆ ಮೊದಲನೆಯದು 1ನ್ನು 2 ಮಾಡುತ್ತದೆ, ಎರಡನೆಯದು ಆ 2ನ್ನು 4 ಮಾಡುತ್ತದೆ. ಹೊರಗಿನ 1ನ್ನು ಕಳೆದರೆ ಮುಳ್ಳು 3ರಲ್ಲಿ! ನನ್ನ ಆಂಪ್ಲಿಫೈಯರುಗಳ ಕಥೆಯೇ ಇಲ್ಲಿಯೂ.

ಇದು ಗ್ಯಾರೇಜುಗಳಲ್ಲಿ ಹುಟ್ಟಿದ ಉಪಾಯವಲ್ಲ. ಎರಡನೆಯ ಮಹಾಯುದ್ಧದ ಲಿಬರೇಟರ್ ಎಂಬ ಬಾಂಬರ್ ವಿಮಾನದ ಎಂಜಿನ್ನುಗಳಲ್ಲಿ ಗಾಳಿಯನ್ನು ಮೊದಲು ಟರ್ಬೋ ಅದುಮುತ್ತಿತ್ತು, ಆಮೇಲೆ ಎಂಜಿನ್ನಿನ ಗಿಯರುಗಳಿಂದಲೇ ತಿರುಗುವ ಇನ್ನೊಂದು ಕಂಪ್ರೆಸರ್ ಅದುಮುತ್ತಿತ್ತು. ಯುದ್ಧ ಮುಗಿದ ಮೇಲೆ ಕಾನ್ಪುರದಲ್ಲಿ ಬಿಟ್ಟುಹೋಗಿದ್ದ ಲಿಬರೇಟರುಗಳನ್ನು ಬೆಂಗಳೂರಿನ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆ 1948ರಿಂದ ದುರಸ್ತಿ ಮಾಡಿ ನಮ್ಮ ವಾಯುಪಡೆಗೆ ಕೊಟ್ಟಿತು. ಎರಡು ಹಂತದ ಈ ವ್ಯವಸ್ಥೆ ನಮ್ಮೂರಿನ ಕುಶಲಕರ್ಮಿಗಳ ಕೈಗೆ ಅಷ್ಟು ಹಿಂದೆಯೇ ಬಂದಿತ್ತೆಂಬುದು ನಿಮಗೆ ಗೊತ್ತಿರಲಿ.

ಈಗ ಪೆನ್ಸಿಲ್ ಮತ್ತು ಕಾಗದ ತೆಗೆದುಕೊಳ್ಳಿ. ಕೊಲರಾಡೋದ ರಾಜಧಾನಿ ಡೆನ್ವರ್ ಸುಮಾರು 1,600 ಮೀಟರ್ ಎತ್ತರದಲ್ಲಿದೆ. ಅಲ್ಲಿಂದ ಪಶ್ಚಿಮಕ್ಕೆ ಹೋಗುವ ಹೆದ್ದಾರಿ ಬೆಟ್ಟವನ್ನು ಹತ್ತಿ, 3,300 ಮೀಟರಿಗೂ ಎತ್ತರದಲ್ಲಿ ಐಸೆನ್‌ಹೋವರ್ ಸುರಂಗವನ್ನು ಹಾಯುತ್ತದೆ. ಡೆನ್ವರ್‌ನಲ್ಲಿರುವ ಒಬ್ಬಾತ ತನ್ನ ಹಳೆಯ 5.9 ಲೀಟರ್ ಟ್ರಕ್ಕಿನಲ್ಲಿ ಭಾರವಾದ ಟ್ರೈಲರನ್ನು ಎಳೆಯುತ್ತ ಈ ಏರನ್ನು ಹತ್ತಬೇಕು, ಅದಕ್ಕೆ 600 ಅಶ್ವಶಕ್ತಿ ಬೇಕು ಎಂದು ಬಯಸಿದ್ದಾನೆ ಎಂದು ಕಲ್ಪಿಸಿಕೊಳ್ಳೋಣ. ಅವನ ಯೋಜನೆಯನ್ನು ನಾವೇ ಮಾಡಿ ನೋಡೋಣ. ಯಾವ ಟರ್ಬೋ ಕೊಳ್ಳಬೇಕು ಎಂಬ ಪ್ರಶ್ನೆಯಿಂದ ಆರಂಭಿಸಬಾರದು. ತುದಿಯಿಂದ, ಎಂದರೆ ಬೇಕಾದ ಶಕ್ತಿಯಿಂದ ಆರಂಭಿಸಿ ಹಿಂದಕ್ಕೆ ಬರಬೇಕು.

ಮೊದಲ ಹೆಜ್ಜೆ, ಇಂಧನ. 600 ಅಶ್ವಶಕ್ತಿ ಎಂದರೆ ಸುಮಾರು 450 ಕಿಲೋವಾಟ್. ಡೀಸೆಲ್ ಎಂಜಿನ್ ಇಂಧನದ ಶಕ್ತಿಯಲ್ಲಿ ನೂರಕ್ಕೆ 36 ಭಾಗವನ್ನು ಕೆಲಸಕ್ಕೆ ತಿರುಗಿಸುತ್ತದೆಂದು ಹಿಡಿದರೆ, ಇಂಧನದಿಂದ ಬರಬೇಕಾದದ್ದು ಸುಮಾರು 1,250 ಕಿಲೋವಾಟ್. ಒಂದು ಕಿಲೋಗ್ರಾಂ ಡೀಸೆಲ್‌ನಲ್ಲಿ ಸುಮಾರು 43,000 ಕಿಲೋಜೂಲ್ ಇದೆ. ಭಾಗಿಸಿ ನೋಡಿ, ನಿಮಿಷಕ್ಕೆ 1.75 ಕಿಲೋಗ್ರಾಂ ಡೀಸೆಲ್ ಬೇಕು.

ಎರಡನೆಯ ಹೆಜ್ಜೆ, ಗಾಳಿ. ಒಂದು ಕಿಲೋಗ್ರಾಂ ಡೀಸೆಲ್ ಪೂರ್ತಿ ಸುಡಲು ಹದಿನಾಲ್ಕೂವರೆ ಕಿಲೋಗ್ರಾಂ ಗಾಳಿ ಸಾಕೆಂದು ರಸಾಯನಶಾಸ್ತ್ರ ಹೇಳುತ್ತದೆ. ಆದರೆ ಸಿಲಿಂಡರಿನೊಳಗೆ ತುಂತುರು ಮತ್ತು ಗಾಳಿ ಬೆರೆಯಲು ಇರುವ ಸಮಯ ಬಹಳ ಕಡಿಮೆ. ಹೊಗೆ ಕಡಿಮೆಯಾಗಬೇಕಾದರೆ 20 ಕಿಲೋಗ್ರಾಂ ಇಟ್ಟುಕೊಳ್ಳುವುದು ಒಳ್ಳೆಯದು. ಹಾಗಾದರೆ ನಿಮಿಷಕ್ಕೆ 35 ಕಿಲೋಗ್ರಾಂ ಗಾಳಿ.

ಮೂರನೆಯ ಹೆಜ್ಜೆ, ಎಂಜಿನ್ ತಾನಾಗಿ ಎಷ್ಟು ಗಾಳಿ ಎಳೆದುಕೊಳ್ಳುತ್ತದೆ? ನಾಲ್ಕು ಹೊಡೆತದ ಎಂಜಿನ್ ಎರಡು ಸುತ್ತಿಗೊಮ್ಮೆ ಮಾತ್ರ ಉಸಿರೆಳೆಯುತ್ತದೆ. ನಿಮಿಷಕ್ಕೆ 3,000 ಸುತ್ತು ತಿರುಗುವಾಗ 5.9 ಲೀಟರ್, 1,500 ಬಾರಿ. ಕವಾಟಗಳ ಅಡ್ಡಿಗೆ ನೂರಕ್ಕೆ ಹತ್ತು ಕಳೆದರೆ ಸುಮಾರು 8 ಘನ ಮೀಟರ್. ಸಮುದ್ರಮಟ್ಟದಲ್ಲಿ ಒಂದು ಘನ ಮೀಟರ್ ಗಾಳಿಯ ತೂಕ 1.2 ಕಿಲೋಗ್ರಾಂ. ಡೆನ್ವರ್‌ನಲ್ಲಿ ಒತ್ತಡ 0.83 ಅಟ್ಮಾಸ್ಫಿಯರ್ ಮಾತ್ರ. ಅಲ್ಲಿ ಒಂದು ಘನ ಮೀಟರ್ ಗಾಳಿ ಕೇವಲ 1 ಕಿಲೋಗ್ರಾಂ ತೂಗುತ್ತದೆ. ಹಾಗಾಗಿ ಸಿಗುವುದು 8 ಕಿಲೋಗ್ರಾಂ. ಬೇಕಾದದ್ದು 35. ಎಂದರೆ ಗಾಳಿಯನ್ನು 4.4 ಪಟ್ಟು ಸಾಂದ್ರಗೊಳಿಸಬೇಕು.

ನಾಲ್ಕನೆಯ ಹೆಜ್ಜೆ, ಒತ್ತಡ. ಸಾಂದ್ರತೆ 4.4 ಪಟ್ಟಾಗಲು ಒತ್ತಡ 4.4 ಪಟ್ಟಾದರೆ ಸಾಲದು. ಅದುಮಿದ ಗಾಳಿ ಬಿಸಿಯಾಗುತ್ತದೆ. ಇಂಟರ್‌ಕೂಲರಿನಲ್ಲಿ ತಣಿಸಿದ ಮೇಲೂ ಅದು 60 ಡಿಗ್ರಿ ಸೆಂಟಿಗ್ರೇಡಿನಲ್ಲಿದೆ ಎನ್ನೋಣ. ಹೊರಗಿನ ಗಾಳಿ 20 ಡಿಗ್ರಿ. ಕೆಲ್ವಿನ್ ಮಾನದಲ್ಲಿ 333ನ್ನು 293ರಿಂದ ಭಾಗಿಸಿದರೆ 1.14. ಆದ್ದರಿಂದ ಒತ್ತಡ 5 ಪಟ್ಟು ಬೇಕು. ಕೊಳವೆಗಳಲ್ಲಿ ಮತ್ತು ಇಂಟರ್‌ಕೂಲರಿನಲ್ಲಿ ಸ್ವಲ್ಪ ಒತ್ತಡ ಸೋರಿಹೋಗುತ್ತದೆ. ಅದನ್ನೂ ಸೇರಿಸಿ 5.3 ಎಂದಿಟ್ಟುಕೊಳ್ಳೋಣ. ಇಷ್ಟನ್ನು ಒಂದೇ ಸಾಮಾನ್ಯ ಟರ್ಬೋದಿಂದ ಪಡೆಯಲಾಗದು. ಚಕ್ರ ಅತಿವೇಗಕ್ಕೆ ಹೋಗುತ್ತದೆ, ದಕ್ಷತೆ ಕುಸಿಯುತ್ತದೆ, ಗಾಳಿ ಕಾಯುತ್ತದೆ. ಆದರೆ 5.3ರ ವರ್ಗಮೂಲ ತೆಗೆಯಿರಿ. 2.3! ಒಂದೊಂದು ಟರ್ಬೋಗೆ 2.3 ಆರಾಮದ ಕೆಲಸ. ಗುಣಾಕಾರದ ಲಾಭ ಇದೇ.

ಐದನೆಯ ಹೆಜ್ಜೆ, ಗಾತ್ರ. ಎರಡೂ ಟರ್ಬೋ ಒಂದೇ ಅಳತೆಯವಾಗಿರಬೇಕೇ? ಬೇಡ. ಹೊರಗಿನ ಗಾಳಿಯನ್ನು ಮೊದಲು ಎಳೆಯುವ ಟರ್ಬೋ ನಿಮಿಷಕ್ಕೆ 35 ಘನ ಮೀಟರ್ ನುಂಗಬೇಕು. ಅದು ದೊಡ್ಡದಿರಬೇಕು. ಅಲ್ಲಿಂದ ಹೊರಬರುವ ಗಾಳಿ 2.3 ಪಟ್ಟು ಒತ್ತಡಕ್ಕೆ ಒಳಗಾಗಿದೆ, ಸುಮಾರು 130 ಡಿಗ್ರಿಗೆ ಬಿಸಿಯೂ ಆಗಿದೆ. ಲೆಕ್ಕ ಮಾಡಿದರೆ ಅದರ ಗಾತ್ರ ಸುಮಾರು 21 ಘನ ಮೀಟರ್. ತೂಕ ಅದೇ 35 ಕಿಲೋಗ್ರಾಂ. ಗಾತ್ರ ಮಾತ್ರ ಚಿಕ್ಕದು. ಹಾಗಾಗಿ ಎರಡನೆಯ ಟರ್ಬೋ ಚಿಕ್ಕದಿದ್ದರೆ ಸಾಕು. ಚಿಕ್ಕದು ಹಗುರ; ಕಡಿಮೆ ವೇಗದಲ್ಲೂ ಬೇಗ ತಿರುಗಿ, ಏರಿನ ಬುಡದಲ್ಲೇ ಎಂಜಿನ್ನಿಗೆ ಉಸಿರು ಕೊಡುತ್ತದೆ. ಹೊಗೆಯ ಕಡೆ ಕ್ರಮ ತಿರುವುಮುರುವು. ಬಿಸಿ ಹೊಗೆ ಮೊದಲು ಚಿಕ್ಕದನ್ನು ತಿರುಗಿಸಿ ಆಮೇಲೆ ದೊಡ್ಡದಕ್ಕೆ ಹೋಗುತ್ತದೆ. ಚಿಕ್ಕದಕ್ಕೆ ಹೊಗೆ ಹೆಚ್ಚಾದಾಗ ಪಕ್ಕದ ದಾರಿ ತೆರೆಯುವ ಬಾಗಿಲೊಂದು ಬೇಕು. ಅದಕ್ಕೆ ವೇಸ್ಟ್‌ಗೇಟ್ ಎಂದು ಹೆಸರು. ಅದು ಚಿಕ್ಕದಿದ್ದರೆ ಹೊಗೆ ಎಂಜಿನ್ನಿನ ಬಾಯಲ್ಲೇ ಕಟ್ಟಿಕೊಳ್ಳುತ್ತದೆ. ಹೊಗೆಯ ಒತ್ತಡ ಒಳಬರುವ ಗಾಳಿಯ ಒತ್ತಡಕ್ಕಿಂತ ಬಹಳ ಏರಿದರೆ, ಯೋಜನೆಯಲ್ಲಿ ಎಲ್ಲೋ ತಪ್ಪಿದೆ ಎಂದೇ ಅರ್ಥ.

ಇಲ್ಲಿಯವರೆಗೆ ಲಾಭದ ಲೆಕ್ಕವಾಯಿತು. ಬಹಳ ಜನ ಇಲ್ಲಿಗೇ ಪೆನ್ಸಿಲ್ ಕೆಳಗಿಟ್ಟು ವೆಲ್ಡಿಂಗ್ ಯಂತ್ರ ಹಿಡಿಯುತ್ತಾರೆ. ನಾವು ಹಾಗೆ ಮಾಡುವುದು ಬೇಡ. ಗುಣಾಕಾರ ಲಾಭವನ್ನು ಮಾತ್ರ ಗುಣಿಸುವುದಿಲ್ಲ.

ಶಾಖವನ್ನು ನೋಡಿ. ಸೈಕಲ್ಲಿಗೆ ಗಾಳಿ ಹೊಡೆದವರಿಗೆಲ್ಲ ಪಂಪಿನ ಬುಡ ಬಿಸಿಯಾಗುವುದು ಗೊತ್ತು. ಮೊದಲ ಟರ್ಬೋದಿಂದ 130 ಡಿಗ್ರಿಯಲ್ಲಿ ಬಂದ ಗಾಳಿಯನ್ನು ಎರಡನೆಯದು ಮತ್ತೆ ಅದುಮಿದಾಗ ಅದು ಸುಮಾರು 280 ಡಿಗ್ರಿಗೆ ಏರುತ್ತದೆ. ಅಲ್ಲಿಂದ ಇಂಟರ್‌ಕೂಲರಿನವರೆಗೆ ರಬ್ಬರ್ ಕೊಳವೆ ಹಾಕಿದರೆ ಅದು ಉಳಿಯದು. ಲೋಹದ ಕೊಳವೆಯೇ ಆಗಬೇಕು. ಹೊಗೆಯ ಕಡೆಯ ಉಕ್ಕಿನ ಕೊಳವೆ ತಣ್ಣಗಿದ್ದಾಗಿನಿಂದ 600 ಡಿಗ್ರಿ ಏರಿದರೆ, ಮೀಟರಿಗೆ 7 ಮಿಲಿಮೀಟರ್ ಹಿಗ್ಗುತ್ತದೆ. ಎರಡು ಟರ್ಬೋಗಳ ನಡುವೆ ಹಿಗ್ಗಲು ಜಾಗವಿಲ್ಲದಂತೆ ಬಿಗಿದು ವೆಲ್ಡ್ ಮಾಡಿದರೆ ಕೊಳವೆ ಬಿರುಕು ಬಿಡುತ್ತದೆ. ಅದಕ್ಕೆ ಹಾರ್ಮೋನಿಯಂ ತಿದಿಯಂತೆ ಮಡಿಕೆಗಳಿರುವ ಒಂದು ತುಂಡನ್ನು ನಡುವೆ ಸೇರಿಸಬೇಕು.

ಎಣ್ಣೆಯೂ ಅಷ್ಟೇ ಮುಖ್ಯ. ಟರ್ಬೋದ ಅಚ್ಚು ನಿಮಿಷಕ್ಕೆ ಲಕ್ಷ ಸುತ್ತಿನ ಆಸುಪಾಸಿನಲ್ಲಿ ತಿರುಗುವಾಗ ಅದನ್ನು ಹೊತ್ತಿರುವುದು ಎಣ್ಣೆಯ ತೆಳು ಪದರ. ಎಣ್ಣೆ ಒಳಗೆ ಹೋಗುವುದು ಪಂಪಿನ ಒತ್ತಡದಿಂದ. ಹೊರಗೆ ಬರುವುದು ಮಾತ್ರ ಭೂಮಿಯ ಸೆಳೆತದಿಂದ. ಹಾಗಾಗಿ ಹೊರಹೋಗುವ ಕೊಳವೆ ಅಗಲವಾಗಿರಬೇಕು, ಉದ್ದಕ್ಕೂ ಇಳಿಜಾರಾಗಿಯೇ ಸಾಗಬೇಕು. ದೊಡ್ಡ ಟರ್ಬೋಗೆ ಬೇರೆಲ್ಲೂ ಜಾಗ ಸಿಗದೆ ಬಹಳ ಕೆಳಗೆ ಇಟ್ಟರೆ ಎಣ್ಣೆ ನಿಂತು, ಮುದ್ರೆಗಳನ್ನು ದಾಟಿ, ಗಾಳಿಯ ಜೊತೆ ಎಂಜಿನ್ನಿನೊಳಕ್ಕೆ ಹೋಗುತ್ತದೆ.

ಎಲ್ಲಕ್ಕಿಂತ ದೊಡ್ಡ ಲೆಕ್ಕ ಸಿಲಿಂಡರಿನೊಳಗಿನದು. ಈ ಎಂಜಿನ್ನಿನ ಸಂಪೀಡನ ಅನುಪಾತ ಸುಮಾರು 17. ಟರ್ಬೋ ಇಲ್ಲದೆ ಸಮುದ್ರಮಟ್ಟದಲ್ಲಿ 1 ಅಟ್ಮಾಸ್ಫಿಯರಿನಿಂದ ಆರಂಭಿಸಿದರೆ, ಪಿಸ್ಟನ್ ಮೇಲೇರಿದಾಗ ಒತ್ತಡ ಸ್ಥೂಲವಾಗಿ 45 ಅಟ್ಮಾಸ್ಫಿಯರ್ ಆಗುತ್ತದೆ. ನಮ್ಮ ಯೋಜನೆಯಲ್ಲಿ ಆರಂಭವೇ 4 ಅಟ್ಮಾಸ್ಫಿಯರಿಗಿಂತ ಸ್ವಲ್ಪ ಹೆಚ್ಚು. ಗುಣಿಸಿ, 180ಕ್ಕೂ ಮೇಲೆ. ಇನ್ನೂ ಒಂದು ಹನಿ ಡೀಸೆಲ್ ಉರಿದಿಲ್ಲ! ಸಿಲಿಂಡರಿನ ವ್ಯಾಸ 102 ಮಿಲಿಮೀಟರ್, ವಿಸ್ತೀರ್ಣ 82 ಚದರ ಸೆಂಟಿಮೀಟರ್. ಒಂದೊಂದು ಸಿಲಿಂಡರಿನ ಗಾಳಿಯೂ ಮೇಲಿನ ಮುಚ್ಚಳವನ್ನು 15 ಟನ್ನಿನಷ್ಟು ಬಲದಿಂದ ಎತ್ತಿ ಒಗೆಯಲು ನೋಡುತ್ತದೆ. ಟರ್ಬೋ ಇಲ್ಲದ ಎಂಜಿನ್ನಿನಲ್ಲಿ ಇದು 4 ಟನ್ನಿಗೂ ಕಡಿಮೆ. ಮುಚ್ಚಳವನ್ನು ಹಿಡಿದಿಡುವ ಬೋಲ್ಟುಗಳನ್ನು ಬದಲಿಸದೆ, ಒತ್ತಡವನ್ನು ತಾಳುವ ಗ್ಯಾಸ್ಕೆಟ್ ಹಾಕದೆ, ಇಂಧನ ಚಿಮ್ಮುವ ಸಮಯವನ್ನು ಸರಿಪಡಿಸದೆ ಹೊರಟವನ ಟ್ರಕ್ ಸುರಂಗದವರೆಗೆ ತಲುಪಲಾರದು.

ಹಾಗಾದರೆ ಎಲ್ಲಕ್ಕೂ ಮೊದಲು ಕೊಳ್ಳಬೇಕಾದದ್ದು ಏನು? ಟರ್ಬೋ ಅಲ್ಲ, ಮಾಪಕಗಳು. ಗಾಳಿಯ ಒತ್ತಡಕ್ಕೆ ಒಂದು, ಹೊಗೆಯ ಒತ್ತಡಕ್ಕೆ ಒಂದು, ಹೊಗೆಯ ಉಷ್ಣತೆಗೆ ಒಂದು. ಪಿಸ್ಟನ್ ಅಲ್ಯೂಮಿನಿಯಂ ಮಿಶ್ರಲೋಹದ್ದು. ಶುದ್ಧ ಅಲ್ಯೂಮಿನಿಯಂ 660 ಡಿಗ್ರಿಯಲ್ಲಿ ಕರಗುತ್ತದೆ. ಕೆಳಗಿನಿಂದ ಚಿಮ್ಮುವ ಎಣ್ಣೆ ಪಿಸ್ಟನ್ನನ್ನು ತಣಿಸುತ್ತ ಇರುವುದರಿಂದಲೇ ಅದು ಉಳಿದಿದೆ. ಉದ್ದದ ಏರಿನಲ್ಲಿ ಹೊಗೆಯ ಉಷ್ಣತೆ 700 ಡಿಗ್ರಿಯ ಹತ್ತಿರ ಬಂದರೆ ಅನುಭವಸ್ಥರು ಕಾಲನ್ನು ಸಡಿಲಿಸುತ್ತಾರೆ. ಮಾಪಕವಿಲ್ಲದವನಿಗೆ ಇದು ತಿಳಿಯುವುದು ಪಿಸ್ಟನ್ ಹೋದ ಮೇಲೆ.

ಕಾಗದದ ಕೊನೆಯಲ್ಲಿ ಇನ್ನೂ ಎರಡು ಸಾಲು ಬರೆಯಬೇಕು. ಮೊದಲನೆಯದು ಬ್ರೇಕು. ಎಂಜಿನ್ನಿನ ಶಕ್ತಿ ನಾಲ್ಕು ಪಟ್ಟಿನ ಹತ್ತಿರ ಬಂತು, ಬ್ರೇಕುಗಳು 1989ರವೇ. ಹತ್ತಿದ ಬೆಟ್ಟವನ್ನು ಇಳಿಯಲೂ ಬೇಕಲ್ಲವೇ? ಎರಡನೆಯದು ಕಾನೂನು. ಅಮೆರಿಕದ ಶುದ್ಧ ಗಾಳಿಯ ಕಾಯಿದೆ, ಹೊಗೆಯನ್ನು ನಿಯಂತ್ರಿಸುವ ಭಾಗಗಳನ್ನು ಕಿತ್ತುಹಾಕುವುದನ್ನೂ ನಿಷ್ಕ್ರಿಯಗೊಳಿಸುವುದನ್ನೂ ನಿಷೇಧಿಸುತ್ತದೆ. ನಮ್ಮಲ್ಲಿ 1988ರ ಮೋಟಾರು ವಾಹನ ಕಾಯಿದೆಯ 52ನೆಯ ಕಲಮು, ತಯಾರಕರು ನಿಗದಿಪಡಿಸಿದ ವಿವರಗಳಿಗೆ ವ್ಯತ್ಯಾಸವಾಗುವಂತೆ ವಾಹನವನ್ನು ಮಾರ್ಪಡಿಸಬಾರದು ಎನ್ನುತ್ತದೆ. ಆದ್ದರಿಂದ ನಿಮ್ಮ ಸೋದರಮಾವನ ಲಾರಿಯ ಮೇಲೆ ಈ ಪ್ರಯೋಗ ಬೇಡ. ಕಾಗದದ ಮೇಲೆ ಎಷ್ಟು ಬೇಕಾದರೂ ಮಾಡಿ.

ಮಾಡಿದರೆ ಒಂದು ಸ್ವಾರಸ್ಯ ಕಾಣುತ್ತದೆ. 600ರ ಬದಲು 400 ಅಶ್ವಶಕ್ತಿ ಎಂದು ಬರೆದು ಎಲ್ಲ ಹೆಜ್ಜೆಗಳನ್ನೂ ಮತ್ತೆ ಹಾಕಿ. ಗಾಳಿ ನಿಮಿಷಕ್ಕೆ 23 ಕಿಲೋಗ್ರಾಂ, ಒತ್ತಡದ ಅನುಪಾತ ಸುಮಾರು 3.5. ವರ್ಗಮೂಲ 1.9. ಮುಚ್ಚಳದ ಮೇಲಿನ ಬಲ 15 ಟನ್ನಿನಿಂದ 10 ಟನ್ನಿಗೆ ಇಳಿಯುತ್ತದೆ. ಕಾರ್ಖಾನೆ ಕೊಟ್ಟ 160ರ ಎರಡೂವರೆ ಪಟ್ಟು ಶಕ್ತಿ ಇದು. ಡೆನ್ವರ್‌ನ ನಮ್ಮ ಕಲ್ಪನೆಯ ಗೆಳೆಯ ಈ ಎರಡು ಹಾಳೆಗಳನ್ನು ಪಕ್ಕಪಕ್ಕ ಇಟ್ಟು ನೋಡಿದರೆ, ತನಗೆ ನಿಜವಾಗಿ ಬೇಕಾದದ್ದು 600 ಎಂಬ ಅಂಕಿಯೋ, ಟ್ರೈಲರ್ ಬೆಟ್ಟ ಹತ್ತಿ ಕ್ಷೇಮವಾಗಿ ಮನೆಗೆ ಬರುವುದೋ ಎಂದು ಯೋಚಿಸುವಂತಾಗುತ್ತದೆ. ನಾನಾಗಿದ್ದರೆ 400ರ ಹಾಳೆಯನ್ನು ಉಳಿಸಿಕೊಳ್ಳುತ್ತಿದ್ದೆ.

ಬಿಡುವಾದಾಗ ನಿಮ್ಮ ಊರಿಗೂ ಈ ಲೆಕ್ಕ ಮಾಡಿ ನೋಡಿ. ಬೆಂಗಳೂರಿನ ಎತ್ತರ ಸುಮಾರು 900 ಮೀಟರ್. ಇಲ್ಲಿ ಗಾಳಿಯ ಒತ್ತಡ ಸುಮಾರು 0.9 ಅಟ್ಮಾಸ್ಫಿಯರ್. ಮಂಗಳೂರಿನಲ್ಲಿ 1. ಒಂದೇ ಎಂಜಿನ್ನಿಗೆ ಎರಡು ಊರಿನಲ್ಲಿ ಎಷ್ಟು ವ್ಯತ್ಯಾಸ ಬೀಳುತ್ತದೆ ಎಂಬುದು ನಿಮಗೇ ತಿಳಿಯುತ್ತದೆ.

ಆ ಅಜ್ಜಿಯ ಟೇಪು ಈಗಲೂ ನನ್ನ ಬಳಿ ಇದೆ. ಅದನ್ನು ಸರಿಪಡಿಸಲು ಯಾವ ಯಂತ್ರಕ್ಕೂ ಆಗಲಿಲ್ಲ. ಕತ್ತರಿಸಿಹೋದ ಧ್ವನಿ ಮತ್ತೆ ಬರುವುದಿಲ್ಲ. ಅಂದಿನಿಂದ ಎರಡು ಉಪಕರಣಗಳನ್ನು ಸರಣಿಯಾಗಿ ಜೋಡಿಸುವ ಮುನ್ನ ಜೇಬಿನಿಂದ ಚೀಟಿ ತೆಗೆದು ಗುಣಾಕಾರ ಮಾಡುವುದು ನನಗೆ ಅಭ್ಯಾಸವಾಗಿದೆ. ಹತ್ತು ಹತ್ತಲಿ ನೂರು ಎಂದು ಎರಡನೆಯ ತರಗತಿಯಲ್ಲೇ ಬಾಯಿಪಾಠ ಮಾಡಿದ್ದೆ. ಆ ಮಗ್ಗಿ ಅಂದು ಆ ಹಳ್ಳಿಯಲ್ಲಿ ನೆನಪಿಗೆ ಬಂದಿದ್ದರೆ, ಇಂದು ನೀವು ನನ್ನ ಮಾತಿಗೆ ಬದಲಾಗಿ ಆ ಹಾಡನ್ನು ಕೇಳಬಹುದಿತ್ತು.